ಬಂಧನ ಸುದ್ದಿಯಾಯಿತು, ಬಿಡುಗಡೆ ಆಗಲಿಲ್ಲ: ಹಳೆಯ ವರದಿಯೊಂದರ ಪ್ರಕರಣ ಅಧ್ಯಯನ

ಇಲ್ಲಿ ಹೇಳುತ್ತಿರುವುದು ಒಂದು ಸಿಂಗಲ್ ಕಾಲಂ ಸುದ್ದಿಯ ವಿಚಾರ. ಆ ಸುದ್ದಿಯಲ್ಲಿ ಸುಳ್ಳಿರಲಿಲ್ಲ. ಬರೆದವರಿಗೆ ಯಾರ ಮೇಲೂ ದ್ವೇಷವಿರಲಿಲ್ಲ. ಆದರೂ ಅದು ಒಬ್ಬ ಹೆಣ್ಣುಮಗಳನ್ನು ವರ್ಷಗಟ್ಟಲೆ ಕಾಡಿತು. ಅವರು ಪತ್ರಿಕೆಗೆ ದೂರು ಕೊಟ್ಟ ಮೇಲೆ ಕಚೇರಿಯೊಳಗೆ ಏನೇನಾಯಿತು, ಯಾವ ಹಂತದಲ್ಲಿ ಯಾವ ನಿರ್ಧಾರ ಬಂತು ಎಂಬುದನ್ನು ಬರೆಯುತ್ತಿದ್ದೇನೆ. ದೂರನ್ನು ವಿಚಾರಿಸಿದ ಸಮಿತಿಯಲ್ಲಿ ನಾನು ಹೊರಗಿನ ಸದಸ್ಯನಾಗಿದ್ದೆ. ಪತ್ರಿಕೆಯ ಮತ್ತು ವ್ಯಕ್ತಿಗಳ ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ನಿರ್ಧಾರಗಳನ್ನೂ ಅವುಗಳ ಹಿಂದಿನ ವಾದಗಳನ್ನೂ ಬದಲಿಸಿಲ್ಲ. ದೂರು ಕೊಟ್ಟವರೂ ಸಂಪಾದಕರೂ ಇದನ್ನು ಬರೆಯಲು ಒಪ್ಪಿದ್ದಾರೆ.

ಹಿನ್ನೆಲೆ

ಅದು ಮಧ್ಯಮ ಗಾತ್ರದ ದಿನಪತ್ರಿಕೆ. ಅಚ್ಚಿನ ಆವೃತ್ತಿಯ ಜೊತೆಗೆ ವೆಬ್‌ಸೈಟ್ ಕೂಡ ಇದೆ. ದೂರು ಬರುವ ಸುಮಾರು ಒಂಬತ್ತು ವರ್ಷ ಮೊದಲು ಅದರ ಅಪರಾಧ ಪುಟದಲ್ಲಿ ಆರು ವಾಕ್ಯಗಳ ಸುದ್ದಿ ಬಂದಿತ್ತು. ಒಂದು ಸಂಸ್ಥೆಯಲ್ಲಿ ಹಣ ದುರ್ಬಳಕೆಯಾಗಿದೆ, ಮೂವರನ್ನು ಪೊಲೀಸರು ಬಂಧಿಸಿದ್ದಾರೆ ಎಂಬುದು ಸುದ್ದಿ. ಇಬ್ಬರು ಮೇಲಧಿಕಾರಿಗಳು. ಮೂರನೆಯವರು ಲೆಕ್ಕಪತ್ರ ವಿಭಾಗದ ನೌಕರೆ. ಮೂವರ ಹೆಸರು, ವಯಸ್ಸು, ವಾಸದ ಜಾಗ, ಜೊತೆಗೆ ಠಾಣೆಯ ಮುಂದೆ ತೆಗೆದ ಫೋಟೊ. ಮೂಲ ಒಂದೇ, ಪೊಲೀಸರ ಪತ್ರಿಕಾ ಪ್ರಕಟಣೆ. ಬಂಧಿತರ ಕಡೆಯವರನ್ನು ಯಾರೂ ಮಾತಾಡಿಸಿರಲಿಲ್ಲ. ಡೆಡ್‌ಲೈನ್ ಹತ್ತಿರ ಬಂದಾಗ ಬಹಳ ಕಚೇರಿಗಳಲ್ಲಿ ನಡೆಯುವುದು ಹೀಗೇ.

ಒಂದೂವರೆ ವರ್ಷದ ಮೇಲೆ ಕೋರ್ಟ್ ಆ ನೌಕರೆಯನ್ನು ಪ್ರಕರಣದಿಂದ ಕೈಬಿಟ್ಟಿತು. ಮೇಲಧಿಕಾರಿಗಳು ಹೇಳಿದ ಕಡೆ ಸಹಿ ಹಾಕಿದ್ದು ಬಿಟ್ಟರೆ ಅವರ ವಿರುದ್ಧ ಏನೂ ಇಲ್ಲ ಎಂದು ಆದೇಶದಲ್ಲಿತ್ತು. ಆ ಆದೇಶ ಪತ್ರಿಕೆಯಲ್ಲಿ ಬರಲಿಲ್ಲ. ಯಾರೋ ಬೇಕೆಂದು ಬಿಟ್ಟದ್ದಲ್ಲ. ವರದಿಗಾರರು ಅಷ್ಟು ಹೊತ್ತಿಗೆ ಕ್ರೀಡಾ ವಿಭಾಗಕ್ಕೆ ಹೋಗಿದ್ದರು. ಅಪರಾಧ ಬೀಟ್‌ಗೆ ಬಂದ ಹೊಸಬರಿಗೆ ಹಳೆಯ ಪ್ರಕರಣಗಳ ಪಟ್ಟಿಯನ್ನು ಯಾರೂ ಕೊಟ್ಟಿರಲಿಲ್ಲ. ಅಂಥ ಪಟ್ಟಿಯೇ ಇರಲಿಲ್ಲ.

ಅಚ್ಚಿನ ಕಾಲದಲ್ಲಾಗಿದ್ದರೆ ಆ ಸುದ್ದಿ ರದ್ದಿಗೆ ಹೋಗಿ ಮರೆತುಹೋಗುತ್ತಿತ್ತು. ಈಗ ಹಾಗಲ್ಲ. ಅವರ ಹೆಸರನ್ನು ಹುಡುಕಿದರೆ ಮೊದಲು ಕಾಣುತ್ತಿದ್ದದ್ದೇ ಆ ಫೋಟೊ. ಹೊಸ ಕೆಲಸಕ್ಕೆ ಅರ್ಜಿ ಹಾಕಿದಾಗಲೆಲ್ಲ ಸಂದರ್ಶನದವರೆಗೆ ಹೋಗುವುದು, ಆಮೇಲೆ ಯಾರೂ ಫೋನ್ ಎತ್ತದಿರುವುದು. ಕೊನೆಗೆ ಒಬ್ಬ ಅಧಿಕಾರಿ ಕಾರಣವನ್ನು ನೇರವಾಗಿ ಹೇಳಿದರು. ಆಗ ಅವರು ಪತ್ರಿಕೆಗೆ ಬರೆದರು. ಕೋರ್ಟ್ ಆದೇಶದ ಪ್ರತಿ ಲಗತ್ತಿಸಿ, ಸುದ್ದಿಯನ್ನು ತೆಗೆದುಹಾಕಿ ಎಂದು ಕೇಳಿದರು.

ಮೊದಲ ಉತ್ತರ

ಡಿಜಿಟಲ್ ವಿಭಾಗದಿಂದ ನಾಲ್ಕು ಸಾಲಿನ ಉತ್ತರ ಹೋಯಿತು. ವರದಿ ಪ್ರಕಟವಾದ ದಿನ ನಿಖರವಾಗಿತ್ತು, ಪತ್ರಿಕೆಯ ಹಳೆಯ ಸಂಚಿಕೆ ಇತಿಹಾಸದ ದಾಖಲೆ, ಅದನ್ನು ನಾವು ಬದಲಿಸುವುದಿಲ್ಲ ಎಂದು ಅದರಲ್ಲಿತ್ತು.

ಈ ಉತ್ತರವನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಅದರ ಹಿಂದೆ ಗಟ್ಟಿಯಾದ ತತ್ವವಿದೆ. ಇಂದು ನಿರಪರಾಧಿಗಾಗಿ ಒಂದು ಪುಟ ಅಳಿಸಿದರೆ, ನಾಳೆ ಅಧಿಕಾರದಲ್ಲಿರುವವರು ಅದೇ ಬಾಗಿಲು ತಟ್ಟುತ್ತಾರೆ. ಹಳೆಯ ಪತ್ರಿಕೆ ನಂಬಿಕೆಗೆ ಅರ್ಹವಾಗಿ ಉಳಿಯುವುದು ಅದನ್ನು ಯಾರೂ ತಿದ್ದಿಲ್ಲ ಎಂಬ ಭರವಸೆಯಿಂದ. ನ್ಯಾಯಾಲಯಗಳೂ ಇದನ್ನು ಹಗುರಾಗಿ ಕಂಡಿಲ್ಲ. ಸ್ಪೇನ್‌ನ ಲಾ ವಾನ್‌ಗಾರ್ಡಿಯಾ ಪತ್ರಿಕೆಯಲ್ಲಿ 1998ರಲ್ಲಿ ಬಂದ ಆಸ್ತಿ ಹರಾಜಿನ ಪ್ರಕಟಣೆಯ ಬಗ್ಗೆ ಒಬ್ಬರು ದೂರಿದಾಗ, ಅಲ್ಲಿನ ದತ್ತಾಂಶ ರಕ್ಷಣಾ ಸಂಸ್ಥೆ ಪತ್ರಿಕೆಯ ವಿರುದ್ಧದ ದೂರನ್ನು ಒಪ್ಪಲಿಲ್ಲ. ಅದೇ ಪ್ರಕರಣದಲ್ಲಿ 2014ರ ಮೇ 13ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಕೊಟ್ಟ ಹೆಸರಾಂತ ತೀರ್ಪು, ಹೆಸರು ಹುಡುಕಿದಾಗ ಗೂಗಲ್ ತೋರಿಸುವ ಫಲಿತಾಂಶಕ್ಕೆ ಮಾತ್ರ ಸಂಬಂಧಿಸಿದ್ದು. ಪತ್ರಿಕೆಯ ಪುಟ ಇದ್ದಲ್ಲೇ ಇತ್ತು.

ಹೀಗಾಗಿ ಉತ್ತರ ಬರೆದ ಉಪಸಂಪಾದಕರನ್ನು ನಾನು ದೂರುವುದಿಲ್ಲ. ಅವರಿಗೆ ಹಿಂದಿನವರು ಹೇಳಿಕೊಟ್ಟದ್ದು ಅದೇ. ಆದರೆ ಉತ್ತರದಲ್ಲಿ ಒಂದು ವಿಷಯದ ಸುಳಿವೇ ಇರಲಿಲ್ಲ. ದಾಖಲೆ ಅರ್ಧವಾಗಿತ್ತು. ಬಂಧನ ಇತಿಹಾಸವಾದರೆ ಕೋರ್ಟ್ ಆದೇಶವೂ ಇತಿಹಾಸವೇ ಅಲ್ವಾ? ಅರ್ಧ ದಾಖಲೆಯನ್ನು ಕಾಯುವುದಕ್ಕೆ ಇತಿಹಾಸದ ಹೆಸರು ಹೇಳುವುದು ನನಗೆ ಸರಿ ಕಾಣಲಿಲ್ಲ.

ಓದುಗರ ಸಂಪಾದಕರ ಮುಂದೆ

ಪತ್ರಿಕೆಯಲ್ಲಿ ಓದುಗರ ಸಂಪಾದಕರು ಎಂಬ ಅರೆಕಾಲಿಕ ಹುದ್ದೆ ಇತ್ತು. ಓದುಗರ ದೂರನ್ನು ಕೇಳಿ, ಸಂಪಾದಕೀಯ ವಿಭಾಗವನ್ನೇ ಪ್ರಶ್ನಿಸುವ ಕೆಲಸ. ಅಮೆರಿಕದ ಲೂಯಿವಿಲ್‌ನ ಪತ್ರಿಕೆಯೊಂದು 1967ರಲ್ಲಿ ಇಂಥ ಹುದ್ದೆಯನ್ನು ಶುರು ಮಾಡಿತು. ವಾಷಿಂಗ್ಟನ್ ಪೋಸ್ಟ್ 1970ರಿಂದ 2013ರವರೆಗೆ ಇಟ್ಟುಕೊಂಡಿತ್ತು. ವರದಿಗಾರನೊಬ್ಬ ಕಟ್ಟುಕಥೆ ಬರೆದದ್ದು ಬಯಲಾದ ಮೇಲೆ ನ್ಯೂಯಾರ್ಕ್ ಟೈಮ್ಸ್ 2003ರಲ್ಲಿ ತಂದು, 2017ರಲ್ಲಿ ಕೈಬಿಟ್ಟಿತು. ಪತ್ರಿಕೆಯ ಖರ್ಚು ಕಡಿಮೆ ಮಾಡುವಾಗ ಕಣ್ಣಿಗೆ ಬೀಳುವ ಹುದ್ದೆ ಇದು.

ನಮ್ಮ ಪ್ರಕರಣದ ಓದುಗರ ಸಂಪಾದಕರು ಪತ್ರಿಕೋದ್ಯಮ ಕಲಿಸಿ ನಿವೃತ್ತರಾದವರು. ಅವರಿಗೆ ಅಧಿಕಾರ ಕಡಿಮೆ. ಸಂಪಾದಕರಿಗೆ ಸಲಹೆ ಕೊಡಬಹುದು, ಅಷ್ಟೇ. ದೂರುದಾರರ ಎರಡನೇ ಪತ್ರ ಅವರ ಕೈಗೆ ಬಂತು. ಇದರಲ್ಲಿ ಬೇಡಿಕೆಗಿಂತ ಪ್ರಶ್ನೆ ದೊಡ್ಡದಿತ್ತು. "ನನ್ನನ್ನು ಹಿಡಿದದ್ದು ಸುದ್ದಿ, ಬಿಟ್ಟದ್ದು ಯಾಕೆ ಸುದ್ದಿಯಲ್ಲ ಸರ್?" ಎಂದು ಕೇಳಿದ್ದರು.

ಓದುಗರ ಸಂಪಾದಕರು ಉತ್ತರ ಬರೆಯುವ ಮೊದಲು ಒಂದು ಕೆಲಸ ಮಾಡಿದರು. ಇಡೀ ಪ್ರಕರಣ ತಿರುಗಿದ್ದು ಅಲ್ಲಿಂದ. ಹಿಂದೆ ಯಾವತ್ತಾದರೂ ವೆಬ್‌ಸೈಟ್‌ನಿಂದ ಸುದ್ದಿ ತೆಗೆದಿದ್ದೇವೆಯೇ, ತೆಗೆದಿದ್ದರೆ ಯಾಕೆ ಎಂದು ಕೇಳಿದರು. ಸುದ್ದಿಮನೆಯಲ್ಲಿ ಎಲ್ಲರೂ ಇಲ್ಲ ಎಂದರು. ಹಳೆಯ ಸುದ್ದಿಯನ್ನು ಮುಟ್ಟುವುದಿಲ್ಲ ಎಂಬ ನಿಯಮವನ್ನು ಅವರು ನಿಜವಾಗಿ ನಂಬಿದ್ದರು. ಓದುಗರ ಸಂಪಾದಕರು ಅಷ್ಟಕ್ಕೆ ಬಿಡದೆ ತಾಂತ್ರಿಕ ವಿಭಾಗದವರನ್ನು ಕೂರಿಸಿಕೊಂಡು ವೆಬ್‌ಸೈಟ್ ನಡೆಸುವ ಸಾಫ್ಟ್‌ವೇರ್‌ನ ಲಾಗ್, ಅಂದರೆ ಯಾವಾಗ ಏನು ಬದಲಾಯಿತು ಎಂಬ ದಾಖಲೆ, ತೆಗೆಸಿದರು.

ಕೆಲವು ಸುದ್ದಿಗಳನ್ನು ತೆಗೆದದ್ದು ಸಿಕ್ಕಿತು. ಹೆಚ್ಚಿನವು ಎರಡು ಸಲ ಏರಿಸಿದವು, ತಾಂತ್ರಿಕ ಕಾರಣಕ್ಕೆ ಅಳಿಸಿದವು. ಒಂದು ಮಾತ್ರ ಹಾಗಲ್ಲ. ಪತ್ರಿಕೆಗೆ ದೊಡ್ಡ ಜಾಹೀರಾತು ಕೊಡುತ್ತಿದ್ದ ಕಟ್ಟಡ ಉದ್ಯಮಿಯೊಬ್ಬರ ಮೇಲೆ ಜಮೀನಿನ ವಿಷಯದಲ್ಲಿ ದಾವೆ ಹೂಡಲಾಗಿದೆ ಎಂಬ ವರದಿ ಅದು. ವರದಿ ಸರಿಯಾಗಿತ್ತು. ಯಾರೂ ಅದನ್ನು ತಪ್ಪು ಎಂದು ಬರೆದು ಕೊಟ್ಟಿರಲಿಲ್ಲ. ಪ್ರಕಟವಾದ ಕೆಲವೇ ದಿನಗಳಲ್ಲಿ ಅದು ಮಾಯವಾಗಿತ್ತು. ಕಾರಣ ಬರೆಯುವ ಜಾಗ ಖಾಲಿ. ವಿಚಾರಿಸಿದಾಗ ಆಡಳಿತ ವಿಭಾಗದಿಂದ ಫೋನ್ ಬಂದಿತ್ತು ಎಂದು ಗೊತ್ತಾಯಿತು.

ನಿಯಮ ಎಲ್ಲರಿಗೂ ಒಂದೇ ಎಂದು ಸುದ್ದಿಮನೆ ನಂಬಿತ್ತು. ನಡೆದದ್ದು ಬೇರೆ. ಫೋನ್ ಮಾಡಲು ಗೊತ್ತಿದ್ದವರ ಸರಿಯಾದ ಸುದ್ದಿ ಹೋಯಿತು. ಪತ್ರ ಬರೆದು ಕೋರ್ಟ್ ಆದೇಶ ಲಗತ್ತಿಸಿದವರ ಅರ್ಧ ಸುದ್ದಿ ಉಳಿಯಿತು.

ಸಂಪಾದಕರು ತೆಗೆದುಕೊಂಡ ನಿರ್ಧಾರ

ಈ ಹಂತದಲ್ಲಿ ವಿಷಯವನ್ನು ಮುಚ್ಚಿಹಾಕುವುದು ಬಹಳ ಸುಲಭವಿತ್ತು. ದೂರುದಾರರ ಸುದ್ದಿಯನ್ನು ಸದ್ದಿಲ್ಲದೆ ಅಳಿಸಿದ್ದರೆ ಅವರಿಗೆ ಸಮಾಧಾನ, ಪತ್ರಿಕೆಗೂ ನೆಮ್ಮದಿ. ಆಡಳಿತದ ಕಡೆಯಿಂದ ಬಂದ ಸಲಹೆಯೂ ಅದೇ. ಸಂಪಾದಕರು ಒಂದು ವಾರ ಯೋಚಿಸಿ ಬೇಡ ಎಂದರು. ಎರಡನ್ನೂ ಒಂದೇ ಮೇಜಿನ ಮೇಲೆ ಇಡೋಣ, ಹೊರಗಿನವರನ್ನೂ ಕರೆಯೋಣ ಎಂದರು. ಇಬ್ಬರು ಹಿರಿಯ ಪತ್ರಕರ್ತರು, ಓದುಗರ ಸಂಪಾದಕರು, ಒಬ್ಬ ವಕೀಲೆ ಮತ್ತು ನಾನು ಸೇರಿ ಒಂದು ಸಮಿತಿ ಆಯಿತು. ಆಡಳಿತ ವಿಭಾಗದವರಿಗೆ ಅದರಲ್ಲಿ ಜಾಗವಿರಲಿಲ್ಲ.

ಹೊರಗಿನವರು ಯಾಕೆ ಬೇಕು ಎಂದು ಒಬ್ಬ ಹಿರಿಯ ಪತ್ರಕರ್ತರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಸುದ್ದಿಯ ಕಷ್ಟ ಸುದ್ದಿಯವರಿಗೇ ಗೊತ್ತು ಎಂಬುದು ಅವರ ವಾದ. ಬ್ರಿಟನ್ನಿನ ಅನುಭವ ಇದಕ್ಕೆ ಉತ್ತರ. ಅಲ್ಲಿ ಪತ್ರಿಕೆಗಳ ಮೇಲಿನ ದೂರು ಕೇಳಲು ಪತ್ರಿಕೋದ್ಯಮವೇ ಹಣ ಕೊಟ್ಟು ನಡೆಸುತ್ತಿದ್ದ ಪ್ರೆಸ್ ಕಂಪ್ಲೇಂಟ್ಸ್ ಕಮಿಷನ್, ಸುದ್ದಿಗಾಗಿ ಜನರ ಫೋನ್ ಸಂದೇಶಗಳನ್ನು ಕದ್ದು ಕೇಳಿದ ಫೋನ್ ಹ್ಯಾಕಿಂಗ್ ಹಗರಣದ ಹೊತ್ತಿಗೆ ಜನರ ನಂಬಿಕೆ ಕಳೆದುಕೊಂಡಿತು. ಆ ಹಗರಣದಲ್ಲಿ ಸಿಕ್ಕಿಬಿದ್ದ ನ್ಯೂಸ್ ಆಫ್ ದಿ ವರ್ಲ್ಡ್ ಪತ್ರಿಕೆ 2011ರ ಜುಲೈನಲ್ಲಿ ಮುಚ್ಚಿತು. ಹಗರಣದ ನಂತರ ವಿಚಾರಣೆ ನಡೆಸಿದ ನ್ಯಾಯಾಧೀಶ ಲೆವೆಸನ್ ಅವರ ವರದಿ 2012ರ ನವೆಂಬರ್‌ನಲ್ಲಿ ಬಂದು, ಪತ್ರಿಕೆಗಳಿಂದ ನಿಜವಾಗಿ ಸ್ವತಂತ್ರವಾದ ವ್ಯವಸ್ಥೆ ಬೇಕು ಎಂದಿತು. 2014ರಲ್ಲಿ ಆ ಕಮಿಷನ್ನೇ ಇಲ್ಲವಾಯಿತು. ಸ್ವೀಡನ್ ಬೇರೆ ದಾರಿ ಹಿಡಿಯಿತು. ಅಲ್ಲಿ 1916ರಲ್ಲೇ ಪತ್ರಿಕಾ ಮಂಡಳಿ ಬಂದಿತ್ತು. 1969ರಲ್ಲಿ ಜನರ ದೂರನ್ನು ಕೇಳುವ ಪತ್ರಿಕಾ ಒಂಬುಡ್ಸ್‌ಮನ್ ಹುದ್ದೆಯೂ ಬಂತು. ಸರ್ಕಾರ ಕೈಹಾಕಬಾರದು ಎಂದು ನಾವು ಹೇಳುವುದಾದರೆ, ನಮ್ಮನ್ನು ಪ್ರಶ್ನಿಸುವವರನ್ನು ನಾವೇ ಒಳಗೆ ಕರೆದು ಕೂರಿಸಬೇಕು. ಇಲ್ಲದಿದ್ದರೆ ಆ ಮಾತನ್ನು ಯಾರೂ ನಂಬುವುದಿಲ್ಲ.

ಸಮಿತಿಯ ಮುಂದಿದ್ದ ದಾರಿಗಳು

ಏನೂ ಮಾಡದಿರುವುದು ಒಂದು ದಾರಿ. ಅದನ್ನು ಯಾರೂ ಒಪ್ಪಲಿಲ್ಲ. ಪೂರ್ತಿ ಅಳಿಸುವುದು ಇನ್ನೊಂದು. ಅದಕ್ಕೂ ಒಪ್ಪಿಗೆ ಸಿಗಲಿಲ್ಲ. ಮೇಲಧಿಕಾರಿಗಳಿಬ್ಬರ ಪ್ರಕರಣ ಮುಂದುವರಿದಿತ್ತು, ಆ ಭಾಗ ಸಾರ್ವಜನಿಕರಿಗೆ ಗೊತ್ತಿರಬೇಕಾದದ್ದೇ. ಚರ್ಚೆಯೆಲ್ಲ ನಡೆದದ್ದು ನಡುವಿನ ದಾರಿಗಳ ಬಗ್ಗೆ.

ಸುದ್ದಿಯ ಮೇಲ್ಭಾಗದಲ್ಲಿ ಕೋರ್ಟ್ ಆದೇಶದ ಬಗ್ಗೆ ಟಿಪ್ಪಣಿ ಹಾಕಿದರೆ ಸಾಕು ಎಂದರು ಒಬ್ಬರು. ದಾಖಲೆ ಪೂರ್ತಿಯಾಗುತ್ತದೆ, ಏನೂ ಅಳಿಯುವುದಿಲ್ಲ. ನಾನೂ ಮೊದಲು ಇದರ ಕಡೆಗೇ ವಾಲಿದ್ದೆ. ಆದರೆ ವಕೀಲೆ ಒಂದು ಮಾತು ಹೇಳಿದರು. ಕೆಲಸ ಕೊಡುವವರು ಪುಟ ತೆರೆದು ಟಿಪ್ಪಣಿ ಓದುವುದಿಲ್ಲ. ಹುಡುಕಾಟದಲ್ಲಿ ಶೀರ್ಷಿಕೆ ಮತ್ತು ಫೋಟೊ ಕಂಡರೆ ಅಷ್ಟಕ್ಕೇ ಮುಂದಿನ ಅರ್ಜಿಗೆ ಹೋಗುತ್ತಾರೆ. ಟಿಪ್ಪಣಿಯಿಂದ ಪತ್ರಿಕೆಯ ಮನಸ್ಸಾಕ್ಷಿಗೆ ಸಮಾಧಾನ ಸಿಗಬಹುದು, ಆಕೆಗೆ ಕೆಲಸ ಸಿಗುವುದಿಲ್ಲ.

ಹುಡುಕಾಟದಲ್ಲಿ ಪುಟ ಬಾರದಂತೆ ಮಾಡುವುದು ಮತ್ತೊಂದು ಉಪಾಯ. ತಾಂತ್ರಿಕವಾಗಿ ಇದು ಒಂದು ಸಾಲಿನ ಕೋಡ್. ಆದರೆ ಹಾಗೆ ಮಾಡಿದರೆ ಇಬ್ಬರು ಮೇಲಧಿಕಾರಿಗಳ ಸುದ್ದಿಯೂ ಯಾರಿಗೂ ಸಿಗದೆ ಹೋಗುತ್ತದೆ. ಬದಲಾಯಿಸಿದ್ದು ಓದುಗರ ಕಣ್ಣಿಗೆ ಬೀಳುವುದೂ ಇಲ್ಲ. ಕದ್ದುಮುಚ್ಚಿ ಮಾಡುವ ಕೆಲಸವಾಗುತ್ತದೆ ಎಂದು ಓದುಗರ ಸಂಪಾದಕರು ಬಲವಾಗಿ ವಿರೋಧಿಸಿದರು.

ಉಳಿದದ್ದು ಹೆಸರು ಮತ್ತು ಫೋಟೊ ಮಾತ್ರ ತೆಗೆಯುವುದು. ಇಲ್ಲಿ ಬೆಲ್ಜಿಯಂನ ಲೆ ಸ್ವಾರ್ ಪತ್ರಿಕೆಯ ಪ್ರಕರಣ ನಮಗೆ ದಾರಿ ತೋರಿಸಿತು. 1994ರ ರಸ್ತೆ ಅಪಘಾತವೊಂದರ ವರದಿಯಲ್ಲಿ ಚಾಲಕನ ಪೂರ್ತಿ ಹೆಸರಿತ್ತು. ಆತನಿಗೆ ಶಿಕ್ಷೆಯಾಗಿ, 2006ರಲ್ಲಿ ಕಾನೂನಿನ ಪ್ರಕಾರ ಆ ಕಳಂಕವೂ ತೊಡೆದುಹೋಗಿತ್ತು. ಆನ್‌ಲೈನ್ ಪ್ರತಿಯಲ್ಲಿ ಹೆಸರು ತೆಗೆಯಿರಿ ಎಂದು ಅಲ್ಲಿನ ಕೋರ್ಟ್‌ಗಳು ಹೇಳಿದ್ದನ್ನು 2023ರ ಜುಲೈ 4ರಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಮಹಾಪೀಠ ಎತ್ತಿಹಿಡಿಯಿತು. ಐವರು ನ್ಯಾಯಾಧೀಶರು ಒಪ್ಪಲಿಲ್ಲ, ಹನ್ನೆರಡು ಮಂದಿ ಒಪ್ಪಿದರು. ಅಚ್ಚಿನ ಮೂಲ ಪ್ರತಿ ಹಾಗೇ ಉಳಿದಿದೆ ಎಂಬ ಅಂಶವೂ ಅಲ್ಲಿ ಲೆಕ್ಕಕ್ಕೆ ಬಂತು. ಆ ತೀರ್ಪು ನಮ್ಮನ್ನು ಕಟ್ಟಿಹಾಕುವಂಥದ್ದಲ್ಲ. ಕೋರ್ಟ್ ಹೇಳುವವರೆಗೆ ಕಾಯದೆ ಪತ್ರಿಕೆ ತಾನಾಗಿ ಮಾಡಬಹುದಾದ ಕೆಲಸ ಇದು ಎಂದು ನಮಗೆ ಅನ್ನಿಸಿತು. ಅಮೆರಿಕದ ಬೋಸ್ಟನ್ ಗ್ಲೋಬ್ ಪತ್ರಿಕೆ 2021ರ ಜನವರಿಯಲ್ಲಿ ಹಳೆಯ ಸುದ್ದಿಗಳ ಬಗ್ಗೆ ಜನ ಅರ್ಜಿ ಹಾಕುವ ವ್ಯವಸ್ಥೆ ತಂದದ್ದೂ ಹೀಗೆ ತಾನಾಗಿಯೇ. ಅಲ್ಲಿನದೇ ಸುದ್ದಿತಾಣ ಕ್ಲೀವ್‌ಲ್ಯಾಂಡ್ ಡಾಟ್ ಕಾಮ್ ಅದಕ್ಕೂ ಮೊದಲೇ, 2018ರಲ್ಲಿ, ಇಂಥ ಕೆಲಸ ಶುರು ಮಾಡಿತ್ತು.

ತೀರ್ಮಾನ ಹೀಗಾಯಿತು. ಆನ್‌ಲೈನ್ ವರದಿಯಲ್ಲಿ ದೂರುದಾರರ ಹೆಸರು, ವಯಸ್ಸು, ವಾಸದ ಜಾಗ, ಫೋಟೊ ತೆಗೆಯುವುದು. ಮೂರನೇ ಆರೋಪಿಯನ್ನು ಕೋರ್ಟ್ ಕೈಬಿಟ್ಟಿದೆ ಎಂದು ವರದಿಯ ಮೊದಲ ಸಾಲಿನಲ್ಲೇ ಸೇರಿಸುವುದು. ಯಾವ ದಿನ, ಯಾವ ಕಾರಣಕ್ಕೆ ಬದಲಿಸಿದೆವು ಎಂದು ಕೆಳಗೆ ಬರೆಯುವುದು. ಅಚ್ಚಿನ ಸಂಚಿಕೆಯ ಪ್ರತಿಯನ್ನು ಗ್ರಂಥಾಲಯದಲ್ಲಿ ಹಾಗೇ ಇಡುವುದು. ಉದ್ಯಮಿಯ ಸುದ್ದಿಯನ್ನು ಮತ್ತೆ ಹಾಕುವುದು, ಇಷ್ಟು ಕಾಲ ಅದು ಇರಲಿಲ್ಲ ಎಂದೂ ಅದರ ಕೆಳಗೆ ತಿಳಿಸುವುದು.

ಅಂದುಕೊಳ್ಳದ ಕಡೆ ಎದುರಾದ ತೊಡಕು

ಅಚ್ಚಿನಲ್ಲಿ ಏನು ಮಾಡಬೇಕು ಎಂಬುದು ಸುಲಭ ಎಂದುಕೊಂಡಿದ್ದೆವು. ತಪ್ಪನ್ನು ತಕ್ಷಣ, ತಕ್ಕಷ್ಟು ಎದ್ದುಕಾಣುವಂತೆ ತಿದ್ದಬೇಕು ಎಂದು ಬ್ರಿಟನ್ನಿನ ಸಂಪಾದಕರ ಸಂಹಿತೆಯ ಮೊದಲ ಕಲಮೇ ಹೇಳುತ್ತದೆ. ಬಂಧನದ ಸುದ್ದಿ ಬಂದ ಪುಟದಲ್ಲೇ ಬಿಡುಗಡೆಯ ಸುದ್ದಿ ಬರಲಿ, ಹೆಸರೂ ಅಷ್ಟೇ ದಪ್ಪ ಅಕ್ಷರದಲ್ಲಿರಲಿ ಎಂದು ನಾವೆಲ್ಲ ಒಪ್ಪಿದೆವು. ಕರಡು ಕೂಡ ಸಿದ್ಧವಾಯಿತು.

ಓದುಗರ ಸಂಪಾದಕರು ಕರಡನ್ನು ದೂರುದಾರರಿಗೆ ಓದಿ ಹೇಳಿದರು. ಅವರು ಗಾಬರಿಯಾದರು. ಈಗಿರುವ ಜಾಗದಲ್ಲಿ ಯಾರಿಗೂ ಹಳೆಯ ವಿಷಯ ಗೊತ್ತಿಲ್ಲ, ನೀವು ನನ್ನ ಪರವಾಗಿ ಬರೆದರೂ ಜನರಿಗೆ ನೆನಪಿರುವುದು ಹಣದ ವಿಷಯವೇ ಎಂದರು. ಸಮಿತಿಯಲ್ಲಿ ಇಷ್ಟು ಜನ ಕೂತು ಇಷ್ಟು ಹೊತ್ತು ಚರ್ಚಿಸಿದರೂ ಈ ಮಾತು ನಮಗೆ ಹೊಳೆದಿರಲಿಲ್ಲ. ನೊಂದವರಿಗೆ ಏನು ಒಳ್ಳೆಯದು ಎಂದು ಅವರನ್ನು ಕೇಳದೆ ತೀರ್ಮಾನಿಸುವ ಅಭ್ಯಾಸ ಪತ್ರಿಕೆಗಳಲ್ಲಿ ಬಹಳ ಆಳವಾಗಿದೆ. ಅಮೆರಿಕದ ವೃತ್ತಿಪರ ಪತ್ರಕರ್ತರ ಸಂಘದ ಸಂಹಿತೆಯಲ್ಲಿ ನಾಲ್ಕು ಮುಖ್ಯ ತತ್ವಗಳಿವೆ. ಸತ್ಯವನ್ನು ಹುಡುಕಿ ಹೇಳುವುದು ಒಂದು, ಹಾನಿಯನ್ನು ಕಡಿಮೆ ಮಾಡುವುದು ಇನ್ನೊಂದು. ಓದುವಾಗ ಎರಡೂ ಜೊತೆಯಾಗಿ ನಡೆಯುವಂತೆ ಕಾಣುತ್ತವೆ. ಇಲ್ಲಿ ಒಂದನ್ನು ಪೂರ್ತಿ ಮಾಡಲು ಹೋದರೆ ಇನ್ನೊಂದು ಕೆಡುತ್ತಿತ್ತು.

ಕೊನೆಗೆ ಹೆಸರಿಲ್ಲದೆ ಪ್ರಕಟಿಸಿದೆವು. ಸಮಿತಿಯಲ್ಲಿ ಒಬ್ಬರು ಇದನ್ನು ಒಪ್ಪಲಿಲ್ಲ. ಹೆಸರಿಲ್ಲದ ಸ್ಪಷ್ಟನೆ ಯಾರನ್ನೂ ತಲುಪುವುದಿಲ್ಲ, ಪತ್ರಿಕೆ ಸುಲಭವಾಗಿ ಪಾರಾಗುತ್ತದೆ ಎಂದು ಬರೆದು ಕೊಟ್ಟರು. ಅವರ ಮಾತಿನಲ್ಲಿ ನಿಜವಿದೆ. ಆ ಟಿಪ್ಪಣಿಯೂ ಕಡತದಲ್ಲಿದೆ.

ಆಮೇಲೆ ಆದದ್ದು

ಹುಡುಕಾಟದಿಂದ ಆ ಫೋಟೊ ಕೆಲವೇ ವಾರಗಳಲ್ಲಿ ಹೋಯಿತು. ಉದ್ಯಮಿಯ ಸುದ್ದಿ ಮತ್ತೆ ಬಂದಾಗ ಜಾಹೀರಾತು ನಿಂತಿತು. ಆಡಳಿತ ವಿಭಾಗ ಇದನ್ನು ಸುಲಭವಾಗಿ ತೆಗೆದುಕೊಳ್ಳಲಿಲ್ಲ, ಸಂಪಾದಕರ ಮೇಲೆ ಒತ್ತಡ ಜಾಸ್ತಿಯಾಯಿತು. ಅವರು ಹಿಂದೆ ಸರಿಯದಿರಲು ಒಂದು ಕಾರಣ, ತೀರ್ಮಾನ ಅವರೊಬ್ಬರದಾಗಿರಲಿಲ್ಲ. ಹೊರಗಿನವರು ಸಹಿ ಹಾಕಿದ ಕಾಗದ ಅವರ ಕೈಯಲ್ಲಿತ್ತು. ಸಮಿತಿ ಸಂಪಾದಕರನ್ನು ಕಟ್ಟಿಹಾಕುತ್ತದೆ ಎಂದು ಹೆದರುವವರು ಇದನ್ನು ಗಮನಿಸಬೇಕು. ಒಳ್ಳೆಯ ಸಂಪಾದಕರಿಗೆ ಅದು ಬೆನ್ನಿಗೆ ನಿಲ್ಲುವ ಬಲ.

ಪತ್ರಿಕೆ ನಿಯಮವನ್ನು ಬರೆದು ಪ್ರಕಟಿಸಿತು. ಯಾವ ಸುದ್ದಿಯನ್ನು ಬದಲಿಸಬೇಕಾದರೂ ಅರ್ಜಿ, ಕಾರಣ, ತೀರ್ಮಾನ ಮೂರೂ ದಾಖಲಾಗಬೇಕು. ಫೋನಿನಲ್ಲಿ ಬಂದ ಕೋರಿಕೆಗೆ ಬೆಲೆಯಿಲ್ಲ, ಅದು ಮಾಲೀಕರದ್ದಾದರೂ ಸರಿ. ಅರ್ಜಿಗಳು ಬರತೊಡಗಿದವು. ಚುನಾಯಿತ ಪ್ರತಿನಿಧಿಯೊಬ್ಬರು ತಮ್ಮ ಮೇಲಿನ ಹಳೆಯ ಆರೋಪದ ಸುದ್ದಿ ತೆಗೆಯಿರಿ ಎಂದು ಕೇಳಿದರು. ಅವರಿಗೆ ಇಲ್ಲ ಎಂದು ಹೇಳಲು ಸಮಿತಿಗೆ ಹೆಚ್ಚು ಸಮಯ ಬೇಕಾಗಲಿಲ್ಲ. ಅಧಿಕಾರ ಕೇಳುವವರ ಹಿಂದಿನ ನಡೆ ಜನರಿಗೆ ಗೊತ್ತಿರಬೇಕು. ಆದರೆ ಆ ವರದಿಯಲ್ಲೂ ಪ್ರಕರಣದ ಕೊನೆ ಏನಾಯಿತು ಎಂಬುದು ಇರಲಿಲ್ಲ. ಅದನ್ನು ಸೇರಿಸಿದೆವು.

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡ ಬದಲಾವಣೆ ಹಳೆಯ ಸುದ್ದಿಗಳಿಗೆ ಸಂಬಂಧಿಸಿದ್ದಲ್ಲ. ಅಪರಾಧ ಡೆಸ್ಕ್‌ನಲ್ಲಿ ಈಗ ಒಂದು ರಿಜಿಸ್ಟರ್ ಇದೆ. ಬಂಧನದ ಸುದ್ದಿಯಲ್ಲಿ ಹೆಸರು ಹಾಕಿದರೆ ಆ ಪ್ರಕರಣ ರಿಜಿಸ್ಟರ್‌ಗೆ ಬರಬೇಕು. ಬೀಟ್ ಬದಲಾದಾಗ ರಿಜಿಸ್ಟರ್ ಹೊಸ ವರದಿಗಾರರ ಕೈಗೆ ಹೋಗಬೇಕು. ಕೊನೆಯವರೆಗೆ ಹಿಂಬಾಲಿಸಲು ಆಗದಂಥ ಸಣ್ಣ ಪ್ರಕರಣವಾದರೆ ಹೆಸರು ಹಾಕುವಂತಿಲ್ಲ. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ 2021ರ ಜೂನ್‌ನಲ್ಲಿ ಸಣ್ಣ ಅಪರಾಧಗಳ ಚುಟುಕು ಸುದ್ದಿಗಳಲ್ಲಿ ಶಂಕಿತರ ಹೆಸರು ಬಿಡಲು ತೀರ್ಮಾನಿಸಿದ್ದೂ ಇದೇ ಕಾರಣಕ್ಕೆ. ಮುಂದೇನಾಯಿತು ಎಂದು ತಾನು ಬರೆಯುವುದಿಲ್ಲ ಎಂಬುದು ಅದಕ್ಕೆ ಗೊತ್ತಿತ್ತು. ನಮ್ಮ ವರದಿಗಾರರಲ್ಲಿ ಕೆಲವರು ಮೊದಮೊದಲು ಗೊಣಗಿದರು. ಹೆಸರಿಲ್ಲದ ಸುದ್ದಿಯನ್ನು ಯಾರು ಓದುತ್ತಾರೆ ಎಂದರು. ಅಪರಾಧ ಪುಟದಲ್ಲಿ ಸಣ್ಣ ಸುದ್ದಿಗಳು ಕಡಿಮೆಯಾದದ್ದೂ ನಿಜ. ಬದಲಿಗೆ ಕೋರ್ಟ್ ಆದೇಶಗಳ ಸುದ್ದಿ ಜಾಸ್ತಿಯಾಗಿದೆ.

ಸರಿಯಾಗದೆ ಉಳಿದದ್ದೂ ಇದೆ. ಮೂಲ ವರದಿಯನ್ನು ಆ ಕಾಲದಲ್ಲೇ ಬೇರೆ ತಾಣಗಳು ನಕಲು ಮಾಡಿಕೊಂಡಿದ್ದವು. ಅವುಗಳ ಮೇಲೆ ಪತ್ರಿಕೆಗೆ ಹಿಡಿತವಿಲ್ಲ. ಕೋರ್ಟ್ ಆದೇಶದ ಸಾರಾಂಶ ಮತ್ತು ತಾನು ಮಾಡಿದ ತಿದ್ದುಪಡಿಯ ವಿವರ ಸೇರಿಸಿ ಪತ್ರಿಕೆ ಒಂದು ಪತ್ರ ಸಿದ್ಧಮಾಡಿದೆ. ಸಂಪಾದಕರ ಸಹಿಯಿರುವ ಆ ಪತ್ರವನ್ನು ಓದುಗರ ಸಂಪಾದಕರೇ ಆ ತಾಣಗಳಿಗೆ ಒಂದೊಂದಾಗಿ ಕಳಿಸುತ್ತಿದ್ದಾರೆ. ಕೆಲವರು ಫೋಟೊ ತೆಗೆದಿದ್ದಾರೆ. ಉಳಿದವರಿಂದ ಉತ್ತರ ಬಂದಿಲ್ಲ, ಅವರಿಗೆ ಮತ್ತೆ ಬರೆಯುತ್ತಿದ್ದಾರೆ.